ಸಿಕ್ವೋಯಾನ ಮನೆಯ ಹೊಸಿಲಲ್ಲಿ

ಕಾರಿನಿಂದ ಇಳಿದಾಗ ನನಗೆ ಮೊದಲು ನಿರಾಸೆಯೇ ಆಯಿತು. ಎದುರಿಗಿದ್ದದ್ದು ಕಲ್ಲಿನ ಕಟ್ಟಡ. ನನ್ನ ಕಾದಂಬರಿಯಲ್ಲಿ ನಾನು ಬರೆದಿದ್ದದ್ದು ಮರದ ದಿಮ್ಮಿಗಳ ಮನೆ!

“ಅಜ್ಜಿ, ಮನೆ ಒಳಗಡೆ ಇದೆ ಬಾ,” ಎಂದು ಮೊಮ್ಮಗಳು ಕೈ ಹಿಡಿದು ಎಳೆದಳು. ಹೌದು, 1829ರಲ್ಲಿ ಕಟ್ಟಿದ ಆ ಪುಟ್ಟ ಮನೆ ಮಳೆ ಬಿಸಿಲಿಗೆ ಹಾಳಾಗದಿರಲೆಂದು 1930ರ ದಶಕದಲ್ಲಿ ಅದರ ಸುತ್ತ ಕಲ್ಲಿನ ಕಟ್ಟಡ ಎಬ್ಬಿಸಿದ್ದಾರೆ. ಮನೆಯೊಳಗೊಂದು ಮನೆ.

ಇದು ಅಮೆರಿಕದ ಓಕ್ಲಹೋಮ ರಾಜ್ಯದ ಸ್ಯಾಲಿಸಾ ಎಂಬ ಊರಿನಾಚೆ ಇದೆ. ಮನೆಯ ಯಜಮಾನ ಸಿಕ್ವೋಯಾ ಚೆರೋಕಿ ಜನಾಂಗದವನು. (ನಮ್ಮ ಕಾಲದ ಶಾಲೆಯಲ್ಲಿ ಇವರನ್ನೆಲ್ಲ ಒಟ್ಟಿಗೆ ‘ರೆಡ್ ಇಂಡಿಯನ್ನರು’ ಎಂದು ಹೇಳಿಕೊಡುತ್ತಿದ್ದರು. ಮಕ್ಕಳೇ, ನೀವು ಹಾಗೆ ಕಲಿಯಬೇಡಿ. ಒಂದೊಂದು ಜನಾಂಗಕ್ಕೂ ಅದರದೇ ಹೆಸರಿದೆ.) ಆತ ಬೆಳ್ಳಿ ಕೆಲಸ, ಕಮ್ಮಾರಿಕೆ ಬಲ್ಲವನು. ಒಂದು ಕಾಲು ಕುಂಟು. ಇಂಗ್ಲಿಷ್ ಓದಲು ಬಾರದು. ಬಿಳಿಯರು ಕಾಗದದ ಮೇಲೆ ಗೀಚಿ ದೂರದವರೊಡನೆ ಮಾತಾಡುವುದನ್ನು ಕಂಡು, ನಮ್ಮ ಮಾತಿಗೂ ಇಂಥದ್ದು ಏಕಿರಬಾರದು ಎಂದು ಹಟ ಹಿಡಿದ. ಮೊದಲು ಒಂದೊಂದು ಪದಕ್ಕೂ ಒಂದೊಂದು ಗುರುತು ಮಾಡಿ ಸೋತ. ಆ ಬರಹವನ್ನೆಲ್ಲ ಹೆಂಡತಿ ಬೆಂಕಿಗೆ ಹಾಕಿದಳೆಂಬ ಕಥೆಯೂ ಇದೆ. ಕೊನೆಗೆ ಪದ ಬಿಟ್ಟು ಉಚ್ಚಾರಣೆಯನ್ನು ಹಿಡಿದ. ನಮ್ಮ ಕ, ಕಿ, ಕು ಇದ್ದ ಹಾಗೆ ಒಂದೊಂದಕ್ಕೂ ಒಂದು ಅಕ್ಷರ. ಆದರೆ ಕಾಗುಣಿತವಿಲ್ಲ. ‘ಗ’ಕ್ಕೂ ‘ಗಿ’ಗೂ ರೂಪದಲ್ಲಿ ನಂಟೇ ಇಲ್ಲ. ಹೀಗೆ 1821ರ ಹೊತ್ತಿಗೆ 86 ಅಕ್ಷರ ಸಿದ್ಧವಾದವು. ಇಂದು ಬಳಕೆಯಲ್ಲಿರುವುದು 85.

ಅದನ್ನು ಮೊದಲು ಕಲಿತವಳು ಆತನ ಆರು ವರ್ಷದ ಮಗಳು ಅಯೋಕಾ. ಹಿರಿಯರು ನಂಬಲಿಲ್ಲ. ಅಪ್ಪನನ್ನೂ ಮಗಳನ್ನೂ ದೂರ ದೂರ ಕೂರಿಸಿ, ಒಬ್ಬರಿಗೆ ಹೇಳಿದ್ದನ್ನು ಬರೆಸಿ, ಇನ್ನೊಬ್ಬರಿಂದ ಓದಿಸಿದರಂತೆ. ಪುಟಾಣಿ ತಪ್ಪಿಲ್ಲದೆ ಓದಿದಳು. ಈ ಹುಡುಗಿಯೇ ನನ್ನ ಮಕ್ಕಳ ಕಾದಂಬರಿಯ ನಾಯಕಿ. ಇದೇ ಮನೆಯ ಹೊಸಿಲಲ್ಲಿ ಕುಳಿತು ಮಣ್ಣಿನ ಮೇಲೆ ಆಕೆ ಅಕ್ಷರ ತಿದ್ದುತ್ತಿದ್ದಾಳೆ. ನನ್ನ ಮೊದಲ ಅಧ್ಯಾಯ ಅದು. ಬರೆದು ಮುಗಿಸಿ, ನಾಲ್ಕು ಜನರಿಗೆ ಓದಿ, ಶಹಬ್ಬಾಸ್ ಅನ್ನಿಸಿಕೊಂಡೂ ಆಗಿತ್ತು.

ಒಂದೇ ಕೋಣೆ, ಬೆಂಕಿಗೂಡು, ಒರಟಾಗಿ ಕೆತ್ತಿದ ದಿಮ್ಮಿಗಳು. ನೋಡುತ್ತಿದ್ದವಳು 1829 ಎಂಬ ಇಸವಿಯ ಮುಂದೆ ನಿಂತುಬಿಟ್ಟೆ.

“ಅಜ್ಜಿ, ಆಗ ಅವಳಿಗೆ ಹದಿನಾಲ್ಕು ಆಗಿರುತ್ತಲ್ಲ?” ಎಂದಳು ಮೊಮ್ಮಗಳು. ಲೆಕ್ಕದಲ್ಲಿ ನನಗಿಂತ ಚುರುಕು. ಆರು ವರ್ಷದ ಅಯೋಕಾ ಈ ಹೊಸಿಲಲ್ಲಿ ಕೂತಿರಲು ಸಾಧ್ಯವೇ ಇರಲಿಲ್ಲ. ಲಿಪಿ ಹುಟ್ಟಿದ್ದು ನೂರಾರು ಮೈಲಿ ಪೂರ್ವಕ್ಕೆ, ಇಂದಿನ ಅಲಬಾಮದಲ್ಲಿ. ಪುಸ್ತಕದಲ್ಲಿ ಎರಡೂ ಇಸವಿ ಓದಿದ್ದೆ. ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ ಅಷ್ಟೆ. ಹೊರಗೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಹಾಗಾದರೆ ಈ ಮನೆ ಏನೇನು ಕಂಡಿತು? 1838-39ರಲ್ಲಿ ಅಮೆರಿಕ ಸರಕಾರ ಸುಮಾರು 16,000 ಚೆರೋಕಿಗಳನ್ನು ಪೂರ್ವದ ನೆಲದಿಂದ ಎಬ್ಬಿಸಿ ಇಲ್ಲಿಗೆ ಅಟ್ಟಿತು. ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತವರು 4,000ದಷ್ಟು ಎಂದು ಅಂದಾಜು. ‘ಕಣ್ಣೀರ ಹಾದಿ’ ಎಂದೇ ಅದರ ಹೆಸರು. ಮೊದಲೇ ಬಂದು ನೆಲೆಸಿದ್ದ ಸಿಕ್ವೋಯಾ, ಹಳಬರನ್ನೂ ಹೊಸಬರನ್ನೂ ಒಂದುಗೂಡಿಸಿದ 1839ರ ಒಪ್ಪಂದಕ್ಕೆ ಸಹಿ ಹಾಕಿದ. ಆಮೇಲೆ ಮೆಕ್ಸಿಕೋ ಕಡೆ ಹೋಗಿದ್ದ ತನ್ನವರನ್ನು ಹುಡುಕಿಕೊಂಡು ಹೊರಟವನು 1843ರಲ್ಲಿ ಅಲ್ಲೇ ತೀರಿಕೊಂಡ. ಈ ಹೊಸಿಲಿಗೆ ಮರಳಲಿಲ್ಲ. ಈ ಮನೆ ನನ್ನ ಕಾದಂಬರಿಯ ಕೊನೆಗೆ ಬರಬೇಕು, ಮೊದಲಿಗಲ್ಲ.

ಅಷ್ಟರಲ್ಲಿ ಮೊಮ್ಮಗಳು ಅಕ್ಷರಮಾಲೆ ನೋಡಿಕೊಂಡು ಏನೋ ಬರೆಯತೊಡಗಿದ್ದಳು. ಇಂಗ್ಲಿಷಿನ ಡಿ ಹಾಗೆ ಕಾಣುವುದು ಅಲ್ಲಿ ‘ಅ’, ಡಬ್ಲ್ಯೂ ಹಾಗೆ ಕಾಣುವುದು ‘ಲ’! ‘ಅಪ್ಪ’ ಬರೆಯಲು ಹೋಗಿ ಸೋತಳು. ಆ ಲಿಪಿಯಲ್ಲಿ ‘ಪ’ ಇಲ್ಲ. ‘ಅಮ್ಮ’ ಬರೆಯಲು ಹೋದರೆ ‘ಅಮ’ ಎಂದಾಯಿತು.

“ಚೆರೋಕಿಯಲ್ಲಿ ಅಮ ಅಂದರೆ ನೀರು,” ಎಂದೆ. “ಉಪ್ಪಿಗೂ ಹೀಗೇ ಬರೀತಾರೆ. ಸಿಕ್ವೋಯಾ ಇಲ್ಲಿ ಉಪ್ಪು ಕಾಯಿಸ್ತಿದ್ದ.”

ಅವಳು ಆ ಚೀಟಿಯನ್ನು ಮಡಚಿ ನನ್ನ ಹಸ್ತಪ್ರತಿಯ ಮೊದಲ ಪುಟದಲ್ಲಿಟ್ಟಳು. ಆ ಪುಟವನ್ನು ಈಗ ಹೊಸದಾಗಿ ಬರೆಯುತ್ತಿದ್ದೇನೆ.