ಲಾಲ್ ದೀಘಿಯ ಸುತ್ತ, ನಿಧಾನವಾಗಿ

ಲಾಲ್ ದೀಘಿ ಎಂದರೆ ಕೆಂಪು ಕೆರೆ. ಕಲ್ಕತ್ತದ ಬಿಬಿಡಿ ಬಾಗ್‌ನ ನಟ್ಟನಡುವೆ ಇರುವ ಈ ಕೆರೆಯನ್ನು ಒಮ್ಮೆ ಸುತ್ತಿದರೆ ಊರಿನ ಅರ್ಧ ಚರಿತ್ರೆಯನ್ನೇ ಸುತ್ತಿ ಬಂದಂತೆ. (2001ರಲ್ಲಿ ಊರಿನ ಹೆಸರು ಕೋಲ್ಕತಾ ಎಂದಾಯಿತು, ನಿಜ. ಆದರೆ ನನ್ನ ನಾಲಿಗೆಗೆ ಕಲ್ಕತ್ತವೇ ರೂಢಿ.) ಉತ್ತರಕ್ಕೆ ಕೆಂಪು ಬಣ್ಣದ ರೈಟರ್ಸ್ ಬಿಲ್ಡಿಂಗ್, ಪಶ್ಚಿಮಕ್ಕೆ 1868ರಲ್ಲಿ ಕಟ್ಟಿದ ಜಿಪಿಓದ ಬಿಳಿ ಗುಮ್ಮಟ, ಈಶಾನ್ಯದ ಮೂಲೆಯಲ್ಲಿ ಸೇಂಟ್ ಆಂಡ್ರ್ಯೂಸ್ ಚರ್ಚಿನ ಗೋಪುರ, ಅದರಾಚೆ ಲಾಲ್ ಬಜಾರಿನ ಪೊಲೀಸ್ ಕೇಂದ್ರ ಕಛೇರಿ. ಮೊದಲು ಇದು ಡಾಲ್‌ಹೌಸಿ ಸ್ಕ್ವೇರ್. 1930ರ ಡಿಸೆಂಬರ್ 8ರಂದು ಬಿನಯ್, ಬಾದಲ್, ದಿನೇಶ್ ಎಂಬ ಮೂವರು ತರುಣರು ರೈಟರ್ಸ್ ಬಿಲ್ಡಿಂಗಿಗೆ ನುಗ್ಗಿ ಕಾರಾಗೃಹಗಳ ಇನ್ಸ್‌ಪೆಕ್ಟರ್ ಜನರಲ್ ಸಿಂಪ್ಸನ್‌ನನ್ನು ಗುಂಡಿಕ್ಕಿ ಕೊಂದರು. ಆ ಮೂವರ ಹೆಸರಿನ ಮೊದಲಕ್ಷರಗಳೇ ಇಂದಿನ ಬಿಬಿಡಿ. ಮೂವರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು. ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು.

ಈ ಲೇಖನ ಬರೆಯುತ್ತಿರುವುದೂ ನಿಮಗಾಗಿಯೇ, ಅಂದರೆ ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ ಮಾತಾಡಿ, ಬೀದಿಯಲ್ಲಿ ಬಂಗಾಳಿ ಮಾತಾಡುತ್ತಾ ಬೆಳೆದ ನಮ್ಮ ಸಂಘದ ಮಕ್ಕಳಿಗಾಗಿ. ನಿಮ್ಮ ಅಪ್ಪಂದಿರಲ್ಲಿ ಹಲವರು ಬ್ಯಾಂಕಿನ ನೌಕರಿ ಹಿಡಿದು ಬಂದವರು; ಲಾಲ್ ದೀಘಿಯ ಸುತ್ತಮುತ್ತಲ ಆಫೀಸು ಪಾಡಾದಲ್ಲಿ ಬಸ್ಸು, ಟ್ರಾಮು ಹತ್ತಿಳಿದು ಆಯುಷ್ಯ ಸವೆಸಿದವರು. ನೀವಾದರೋ ಹದಿನೆಂಟು ತುಂಬಿದ ಕೂಡಲೇ ಲೈಸೆನ್ಸ್ ಮಾಡಿಸಿ ಬೈಕ್ ಹತ್ತಿದವರು. ಸಂಘದ ಕಾರ್ಯಕ್ರಮಗಳಿಗೆ ಬರುವಾಗ ಹೆಲ್ಮೆಟ್ ಕೆಲವರ ತಲೆಯ ಮೇಲಿರುತ್ತದೆ, ಕೆಲವರ ಮೊಣಕೈಯಲ್ಲಿ ನೇತಾಡುತ್ತಿರುತ್ತದೆ. ಕೇಳಿದರೆ ಸಿಗುವ ಉತ್ತರ ಒಂದೇ: "ಅಂಕಲ್, ರೋಡ್ ಖಾಲಿ ಇತ್ತು!"

ಖಾಲಿ ರೋಡಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ತುಂಬಿದ ರೋಡನ್ನು ನೋಡೋಣ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲಿ ನಿಂತು ನೋಡಿ. ಫೇರ್ಲಿ ಘಾಟಿನಲ್ಲಿ ದೋಣಿ ಇಳಿದ ಜನ, ಹೌರಾದಿಂದ ಬಂದ ಬಸ್ಸುಗಳಿಂದ ಇಳಿದ ಜನ, ಈಗ ಮಹಾಕರಣ್ ಮೆಟ್ರೊ ನಿಲ್ದಾಣದಿಂದ ಮೇಲೆ ಬರುವ ಜನ, ಎಲ್ಲರೂ ಒಮ್ಮೆಗೇ ರಸ್ತೆ ದಾಟುತ್ತಾರೆ. ಫುಟ್‌ಪಾತ್ ಮೇಲೆ ಲೂಚಿ, ತರಕಾರಿ, ಚಹಾ ಮಾರುವವರ ಸಾಲು. ಹಾಗಾಗಿ ನಡೆಯುವವರು ರಸ್ತೆಗೇ ಇಳಿಯಬೇಕು. ಅವರ ನಡುವೆ ತಲೆಯ ಮೇಲೆ ಮೂಟೆ ಹೊತ್ತ ಕೂಲಿಗಳು, ತಳ್ಳುಗಾಡಿಗಳು, ಹಳದಿ ಟ್ಯಾಕ್ಸಿಗಳು. 2014ರಲ್ಲಿ ತಯಾರಿಕೆಯೇ ನಿಂತುಹೋದ ಅಂಬಾಸಿಡರ್ ಕಾರುಗಳಲ್ಲಿ ಅಳಿದುಳಿದವು ಇನ್ನೂ ಇಲ್ಲಿ ಕಾಣಸಿಗುತ್ತವೆ. ಇಷ್ಟೆಲ್ಲ ಗೊಂದಲದ ನಡುವೆ ಬಿಳಿ ಸಮವಸ್ತ್ರದ ಟ್ರಾಫಿಕ್ ಪೊಲೀಸ್ ಕೈ ಎತ್ತಿದರೆ ಎಲ್ಲವೂ ನಿಲ್ಲುತ್ತವೆ. ಅಚ್ಚರಿಯ ಮಾತೆಂದರೆ, ಈ ಹೊತ್ತಿನಲ್ಲಿ ಇಲ್ಲಿ ಅಷ್ಟಾಗಿ ಭಯವಿಲ್ಲ. ವೇಗವಾಗಿ ಹೋಗಲು ಯಾರಿಗೂ ಸಾಧ್ಯವೇ ಇಲ್ಲವಲ್ಲ!

ಭಯ ಶುರುವಾಗುವುದು ಸ್ವಲ್ಪ ದಾರಿ ಸಿಕ್ಕಾಗ. ಮಿನಿಬಸ್ಸುಗಳನ್ನೇ ನೋಡಿ. ಒಂದೇ ರೂಟಿನ ಎರಡು ಬಸ್ಸು ಹಿಂದೆ ಮುಂದೆ ಬಂದವೆಂದರೆ ಮುಗಿಯಿತು. ಬಂಗಾಳಿಗಳು ಇದನ್ನು 'ರೇಷಾರೇಷಿ' ಎನ್ನುತ್ತಾರೆ. ಒಂದನ್ನೊಂದು ತರುಬಿ, ನಿಲ್ದಾಣದಲ್ಲಿ ಅರೆನಿಂತು, ಜನ ಇಳಿಯುವ ಮೊದಲೇ ಹೊರಟುಬಿಡುತ್ತವೆ. ಡ್ರೈವರುಗಳಿಗೆ ಹುಚ್ಚು ಎಂದು ನಾವು ಬೈಯುತ್ತೇವೆ. ಆದರೆ ಅವರ ಲೆಕ್ಕ ಬೇರೆ. ಇಲ್ಲಿನ ಖಾಸಗಿ ಬಸ್ಸುಗಳಲ್ಲಿ ಡ್ರೈವರಿಗೂ ಕಂಡಕ್ಟರಿಗೂ ಬಹುಕಾಲದಿಂದ ಸಂಬಳದ ಬದಲು ಕಮಿಷನ್ ಕೊಡುವುದೇ ವಾಡಿಕೆ. ಟಿಕೆಟಿನ ಹಣದಲ್ಲಿ ನೂರಕ್ಕಿಷ್ಟು ಎಂದು. ಮುಂದಿನ ನಿಲ್ದಾಣದಲ್ಲಿ ನಿಂತಿರುವ ಹತ್ತು ಜನರನ್ನು ಹಿಂದಿನ ಬಸ್ಸು ಹತ್ತಿಸಿಕೊಂಡರೆ ಅಂದಿನ ಸಂಪಾದನೆ ಅಷ್ಟು ಕಡಿಮೆ. ಆ ವೇಗ ಡ್ರೈವರನ ಕಾಲಿನಿಂದ ಬಂದದ್ದಲ್ಲ, ಹೊಟ್ಟೆಯಿಂದ ಬಂದದ್ದು. ಅದೇ ಬಸ್ಸಿನ ಕಂಡಕ್ಟರ್, ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಇಳಿಯುವಾಗ ತಗಡು ಬಡಿದು "ಆಸ್ತೆ ಲೇಡೀಸ್, ಕೋಲೇ ಬಾಚ್ಚಾ!" ಎಂದು ಕೂಗುವುದನ್ನು ನೀವೆಲ್ಲ ಕೇಳಿದ್ದೀರಿ. ನಿಧಾನ, ಹೆಂಗಸರಿದ್ದಾರೆ, ಕಂಕುಳಲ್ಲಿ ಕೂಸಿದೆ! ಆ ಕೂಗು ಕೇಳಿದಾಗಲೆಲ್ಲ ನಮ್ಮ ಕಡೆಯ ಕಂಡಕ್ಟರುಗಳ "ಹೋಲ್ಡಾನ್!" ನನಗೆ ನೆನಪಾಗುತ್ತದೆ.

ನಮ್ಮ ಕಡೆ ಎಂದರೂ ಎಲ್ಲ ಕಡೆ ಒಂದೇ ರೀತಿಯಲ್ಲ. ರಜೆಯಲ್ಲಿ ಮಂಗಳೂರು, ಉಡುಪಿಯ ಅಜ್ಜಿ ಮನೆಗೆ ಹೋಗುವವರಿಗೆ ಅಲ್ಲಿನ ಖಾಸಗಿ ಬಸ್ಸುಗಳ 'ಟೈಮಿಂಗ್' ಜಗಳ ಗೊತ್ತೇ ಇರುತ್ತದೆ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಕೆಲವೇ ನಿಮಿಷ. ಎರಡು ನಿಮಿಷ ತಡವಾದರೆ ಹಿಂದಿನವನಿಗೆ ಸಿಟ್ಟು, ಮುಂದಿನವನಿಗೆ ನಷ್ಟ. ಮೈಸೂರಿನ ಕಡೆ ಹಾಗಿಲ್ಲ. ಅಲ್ಲಿ 1948ರಲ್ಲೇ ಮೈಸೂರು ಸರ್ಕಾರ ಬಸ್ಸು ಓಡಿಸಲು ಶುರುಮಾಡಿತು. ಇಂದಿನ ಕೆಎಸ್ಆರ್‌ಟಿಸಿಯ ಮೂಲ ಅದು. ತಿಂಗಳ ಸಂಬಳದ ಡ್ರೈವರಿಗೆ ಮುಂದಿನ ಬಸ್ಸನ್ನು ಹಿಂದೆ ಹಾಕಿ ಆಗಬೇಕಾದ್ದು ಅಷ್ಟೇನಿಲ್ಲ. ಹಾಗೆಂದು ಕೆಂಪು ಬಸ್ಸು ಎಂದೂ ಗುದ್ದುವುದಿಲ್ಲ ಎಂದಲ್ಲ. ಆದರೆ ವೇಗಕ್ಕೆ ಕೂಲಿ ಕೊಡುವ ಪದ್ಧತಿ ಇದ್ದರೆ ವೇಗ ಇದ್ದೇ ಇರುತ್ತದೆ. ಪೊಲೀಸರು ದಂಡ ಹಾಕಿದಷ್ಟೂ ಅದು ಮಾಲೀಕನ ಖರ್ಚಿನ ಪಟ್ಟಿಗೆ ಸೇರುತ್ತದೆ, ಅಷ್ಟೆ.

ಈಗ ನಿಮ್ಮ ಖಾಲಿ ರೋಡು. ಭಾನುವಾರ ಬೆಳಿಗ್ಗೆ ಬಿಬಿಡಿ ಬಾಗ್‌ಗೆ ಬಂದರೆ ಇದೇ ಜಾಗವೇ ಎನ್ನಿಸುತ್ತದೆ. ಆಫೀಸುಗಳಿಗೆ ಬೀಗ, ಅಗಲವಾದ ರಸ್ತೆ, ಕೆರೆಯ ನೀರಿನಲ್ಲಿ ಗುಮ್ಮಟದ ನೆರಳು. ಬೈಕಿನ ಕಿವಿ ಹಿಂಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಯಾವ ಹುಡುಗನಿಗಾದರೂ ಅನ್ನಿಸೀತು. ಆದರೆ ಫುಟ್‌ಪಾತಿನಲ್ಲಿ ಮಲಗಿ ಎದ್ದವನು, ಕೆರೆಯ ಬದಿ ನಡೆಯಲು ಬಂದ ಮುದುಕ, ಅವರೂ ರಸ್ತೆ ಖಾಲಿ ಎಂದುಕೊಂಡೇ ದಾಟುತ್ತಿರುತ್ತಾರೆ.

ಸ್ವಲ್ಪ ಲೆಕ್ಕ ಮಾಡೋಣ. ನಿಮ್ಮಲ್ಲಿ ಇಂಜಿನಿಯರಿಂಗ್ ಓದುವವರೇ ಹೆಚ್ಚು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಹೋಗುತ್ತೇವೆ. ಕಣ್ಣು ಕಂಡದ್ದು ಕಾಲಿಗೆ ತಲುಪಲು ಒಂದು ಸೆಕೆಂಡು ಎಂದಿಟ್ಟುಕೊಳ್ಳಿ. ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ಇನ್ನೂ ಸುಮಾರು 9 ಮೀಟರ್. ಒಟ್ಟು 20 ಮೀಟರ್, ಎರಡು ಬೋಗಿಯ ಟ್ರಾಮಿನ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ವೇಗ 60 ಆದರೆ? ಯೋಚಿಸುವಷ್ಟರಲ್ಲಿ 17, ಬ್ರೇಕಿಗೆ ಸುಮಾರು 20, ಒಟ್ಟು 37 ಮೀಟರ್. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ಬ್ರೇಕಿನ ದೂರ ಎರಡು ಪಟ್ಟಿಗಿಂತ ಹೆಚ್ಚು. ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 40ರಲ್ಲಿ ಬರುವ ಬೈಕು ಪೂರ್ತಿ ನಿಂತಿರುವ ಜಾಗದಲ್ಲಿ 60ರ ಬೈಕಿಗೆ ಬ್ರೇಕು ಆಗಷ್ಟೇ ಹಿಡಿಯುತ್ತಿರುತ್ತದೆ. ಇದು ಹೊಸ ಟೈರಿನ ಲೆಕ್ಕ; ಆಷಾಢದ ಮಳೆಯಲ್ಲಿ ಟ್ರಾಮ್ ಹಳಿಯ ಮೇಲೆ ಚಕ್ರ ಹತ್ತಿದರೆ ಯಾವ ಲೆಕ್ಕವೂ ಇಲ್ಲ.

ಖಾಲಿ ರಸ್ತೆಯ ಮಾತು ಬಂದಾಗ 2016ರ ಜನವರಿ 13ನ್ನು ಮರೆಯಲಾಗದು. ಇಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರದ ರೆಡ್ ರೋಡಿನಲ್ಲಿ ಗಣರಾಜ್ಯೋತ್ಸವದ ಪಥಸಂಚಲನಕ್ಕೆ ಬೆಳಗಿನ ಅಭ್ಯಾಸ ನಡೆದಿತ್ತು. ವಾಹನಗಳು ಬರದಂತೆ ರಸ್ತೆ ಮುಚ್ಚಿದ್ದರು. ತಡೆಗಳನ್ನು ಭೇದಿಸಿ ನುಗ್ಗಿದ ಒಂದು ದುಬಾರಿ ಕಾರು ವಾಯುಪಡೆಯ ಯುವ ಯೋಧನೊಬ್ಬನನ್ನು ಬಲಿ ತೆಗೆದುಕೊಂಡಿತು. ಅದೇ ವರ್ಷದ ಜುಲೈಯಲ್ಲಿ ರಾಜ್ಯ ಸರ್ಕಾರ ಶುರುಮಾಡಿದ 'ಸೇಫ್ ಡ್ರೈವ್ ಸೇವ್ ಲೈಫ್' ಫಲಕಗಳು ಈಗ ಮೂಲೆ ಮೂಲೆಯಲ್ಲೂ ಇವೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 71ರಷ್ಟು ಸಾವಿಗೆ ಅತಿವೇಗವೇ ಕಾರಣ ಎಂದು ದಾಖಲಾಗಿದೆ.

ಟ್ರಾಮಿನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮನಸ್ಸು ಒಪ್ಪದು. 1873ರಲ್ಲಿ ಕುದುರೆಗಳು ಎಳೆಯುತ್ತಿದ್ದ ಟ್ರಾಮು 1902ರಲ್ಲಿ ವಿದ್ಯುತ್ತಿಗೆ ಬಂತು. ಲಾಲ್ ದೀಘಿಯ ಬದಿಯ ಟ್ರಾಮ್ ನಿಲ್ದಾಣ ನಿಮ್ಮ ಅಪ್ಪಂದಿರ ಕಾಲದಲ್ಲಿ ಗಿಜಿಗುಡುತ್ತಿತ್ತು. ಮೆಟ್ರೊ ಕಾಮಗಾರಿ ಬಂದು ಆ ಗಂಟೆಯ ಸದ್ದು ಇಲ್ಲಿ ನಿಂತುಹೋಯಿತು. ನಿಧಾನದ ಟ್ರಾಮಿನಿಂದ ಟ್ರಾಫಿಕ್ ಜಾಮ್ ಎಂಬ ದೂರು ಹಳೆಯದು. ನನಗೇನೋ, ನಡುರಸ್ತೆಯಲ್ಲಿ ತೆವಳುವ ಟ್ರಾಮೇ ಈ ಊರಿನ ವೇಗಮಿತಿಯ ಫಲಕವಾಗಿತ್ತು ಎನ್ನಿಸುತ್ತದೆ. ಹಾಗೆಂದು ಟ್ರಾಮನ್ನು ಪೂರ್ತಿ ಸಾಧು ಎನ್ನುವಂತಿಲ್ಲ. ಬಂಗಾಳಿಯ ದೊಡ್ಡ ಕವಿ ಜೀವನಾನಂದ ದಾಸ್ 1954ರ ಅಕ್ಟೋಬರಿನಲ್ಲಿ ದೇಶಪ್ರಿಯ ಪಾರ್ಕಿನ ಬಳಿ ಟ್ರಾಮು ಬಡಿದು, ಎಂಟು ದಿನ ಆಸ್ಪತ್ರೆಯಲ್ಲಿ ನರಳಿ ತೀರಿಕೊಂಡರು. ವೇಗ ಬೇಕೆನ್ನುವವರಿಗೆ ಈಗ ನೆಲದಡಿಯ ದಾರಿಯಿದೆ. 2024ರ ಮಾರ್ಚಿನಿಂದ ಮೆಟ್ರೊ ರೈಲು ಹೂಗ್ಲಿ ನದಿಯನ್ನು ಒಂದು ನಿಮಿಷದೊಳಗೆ ದಾಟಿ ಮಹಾಕರಣ್ ತಲುಪುತ್ತದೆ. ಅಲ್ಲಿ ಓಡಲಿ ಬಿಡಿ. ಹಳಿಯ ಮೇಲೆ ಮೂಟೆ ಹೊತ್ತವರು ಅಡ್ಡ ಬರುವುದಿಲ್ಲ.

ಊರಿನ ಸುದ್ದಿಯನ್ನೂ ಹೇಳಬೇಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ಆರಂಭದ ತಿಂಗಳುಗಳಲ್ಲಿ ಸಾವಿನ ಮೇಲೆ ಸಾವು. ಆಮೇಲೆ ವೇಗ ಅಳೆಯುವ ಕ್ಯಾಮೆರಾಗಳು ಬಂದವು, ನೂರರ ಮಿತಿ ಮೀರಿದವರಿಗೆ ದಂಡ ಬಿತ್ತು, ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ನಿಂತಿತು. ಸಾವಿನ ಸಂಖ್ಯೆ ಇಳಿಯಿತು. ರಸ್ತೆಯೂ ಅದೇ, ನಮ್ಮ ಜನರೂ ಅವರೇ.

ಮಿನಿಬಸ್ಸಿನ ಡ್ರೈವರಿಗೆ ಕಮಿಷನ್ನಿನ ಚಿಂತೆ. ನಿಮಗೇನು ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಲಾಲ್ ದೀಘಿಯಿಂದ, ನಮ್ಮವರೆಲ್ಲ ಕರಿಬೇವು, ಬಾಳೆ ಎಲೆ ಕೊಳ್ಳಲು ಹೋಗುವ ಲೇಕ್ ಮಾರ್ಕೆಟ್ಟಿಗೆ ಸುಮಾರು ಏಳು ಕಿಲೋಮೀಟರ್. ಒಂದೂ ಸಿಗ್ನಲ್ ಇಲ್ಲವೆಂದುಕೊಂಡರೂ 40ರಲ್ಲಿ ಹತ್ತೂವರೆ ನಿಮಿಷ, 60ರಲ್ಲಿ ಏಳು ನಿಮಿಷ. ಉಳಿಯುವುದು ಮೂರೂವರೆ ನಿಮಿಷ. ಲೇಕ್ ಮಾರ್ಕೆಟ್ಟಿನಲ್ಲಿ ಬೈಕ್ ನಿಲ್ಲಿಸಲು ಜಾಗ ಹುಡುಕುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.