ಕಣ್ಣು ತಾನಾಗಿ ಹೇಳಲ್ಲ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಗೆರೆ ಇರೋ ನೋಟ್‌ಬುಕ್‌ನ ಒಂದು ಹಾಳೆ ತಗೊಂಡು ಎಡಗಡೆ ಒಂದು ಪ್ಲಸ್ ಗುರುತು ಹಾಕಿ. ಅದೇ ಗೆರೆಯ ಮೇಲೆ 8 ಸೆಂಟಿಮೀಟರ್ ಬಲಕ್ಕೆ ಕಡಲೆಕಾಳಿನಷ್ಟು ದೊಡ್ಡ ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಪ್ಲಸ್ಸನ್ನೇ ನೋಡ್ತಾ ಹಾಳೆಯನ್ನು ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯ ಆಗುತ್ತೆ.

ಚುಕ್ಕೆ ಹೋದ ಜಾಗದಲ್ಲಿ ಏನು ಕಾಣ್ತು ಅಂತ ಗಮನಿಸಿ. ಅಲ್ಲಿ ಕಪ್ಪು ತೂತು ಇರಲ್ಲ. ಗೆರೆ ಹಾಗೇ ಮುಂದುವರಿದ ಹಾಗೆ ಕಾಣುತ್ತೆ. ಕಣ್ಣಿನ ನರ ಹೊರಗೆ ಹೋಗೋ ಜಾಗದಲ್ಲಿ ಬೆಳಕು ಹಿಡಿಯೋ ಕೋಶಗಳೇ ಇಲ್ಲ. ಆದ್ರೆ ಮೆದುಳು ಅಕ್ಕಪಕ್ಕದ್ದನ್ನು ನೋಡಿ ಆ ಖಾಲಿ ಜಾಗ ತುಂಬಿಬಿಡುತ್ತೆ. ಹುಟ್ಟಿದಾಗಿನಿಂದ ಎರಡೂ ಕಣ್ಣಲ್ಲಿ ಒಂದೊಂದು ಕುರುಡು ಜಾಗ ಇಟ್ಕೊಂಡು ಓಡಾಡ್ತಿದ್ದೀವಿ, ನಮಗೆ ಗೊತ್ತೇ ಆಗಿಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನಮ್ಮ ತಾತನ ಕಣ್ಣು ಹೋಗಿದ್ದೂ ಹೀಗೇ, ಯಾರಿಗೂ ಗೊತ್ತಾಗದ ಹಾಗೆ.

ನಮ್ಮೂರು ತಿಪಟೂರು ಕಡೆ. ತಾತ ದಿನಾ ಬೆಳಿಗ್ಗೆ ಜಗಲಿ ಮೇಲೆ ಕೂತು ಪೇಪರನ್ನು ಮೊದಲಿಂದ ಕೊನೇ ತನಕ ಓದೋರು. ಓದ್ತಾರೆ ಅಂದ್ಮೇಲೆ ಕಣ್ಣು ಚೆನ್ನಾಗಿದೆ ಅಂತ ತಾನೆ ಅರ್ಥ? ಆದ್ರೆ ತೋಟಕ್ಕೆ ಹೋಗುವಾಗ ಬದು ಎಡವೋರು. ಪಕ್ಕದಿಂದ ಬರೋ ಬೈಕು ಕಾಣ್ತಿರಲಿಲ್ಲ. ಮುಂದೆ ಇಟ್ಟ ತಟ್ಟೆ ಕಾಣೋದು, ಪಕ್ಕದಲ್ಲಿಟ್ಟ ನೀರಿನ ಚೊಂಬು ತಾಗಿ ಉರುಳೋದು. "ವಯಸ್ಸಾಯ್ತಲ್ಲ, ಪೊರೆ ಬಂದಿರಬೇಕು. ಕ್ಯಾಂಪ್ ಹಾಕಿದಾಗ ತೆಗೆಸಿದ್ರಾಯ್ತು" ಅಂತ ಊರಲ್ಲಿ ಎಲ್ರೂ ಅಂದ್ರು. ತಾತನೂ ಅದನ್ನೇ ನಂಬಿದ್ರು.

ಹಾಗೆ ನಂಬೋದರಲ್ಲಿ ಆಶ್ಚರ್ಯ ಇಲ್ಲ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಲ್ಲಿ ಶಿಬಿರ ಮಾಡಿ ಲಕ್ಷಾಂತರ ಜನರ ಪೊರೆ ತೆಗೆದವರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅಂಥ ಶಿಬಿರಗಳನ್ನು ಕಂಡ ತಾತನ ಕಾಲದವರಿಗೆ ಕಣ್ಣಿನ ಕಾಯಿಲೆ ಅಂದ್ರೆ ಪೊರೆ, ಪೊರೆ ಅಂದ್ರೆ ಆಪರೇಷನ್, ಆಪರೇಷನ್ ಆದ್ರೆ ಮತ್ತೆ ಬೆಳಕು. ತಡವಾದ್ರೂ ಕಣ್ಣು ವಾಪಸ್ ಬರುತ್ತೆ ಅನ್ನೋ ಧೈರ್ಯ ಅವರದು.

ತಾತನಿಗೆ ಇದ್ದದ್ದು ಪೊರೆ ಅಲ್ಲ, ಗ್ಲಾಕೋಮಾ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪೊರೆ ಲೆನ್ಸಿನ ತೊಂದರೆ, ಲೆನ್ಸ್ ಬದಲಾಯಿಸಬಹುದು. ಗ್ಲಾಕೋಮಾ ಕೇಬಲ್ಲಿನ ತೊಂದರೆ. ಕಣ್ಣಿಂದ ಮೆದುಳಿಗೆ ಹೋಗೋ ನರದಲ್ಲಿ 10 ಲಕ್ಷದಷ್ಟು ಎಳೆಗಳಿವೆ. ಕಣ್ಣೊಳಗಿನ ದ್ರವ ಸರಿಯಾಗಿ ಹೊರಗೆ ಹರಿಯದೆ ಒತ್ತಡ ಏರಿದಾಗ ಆ ಎಳೆಗಳು ಒಂದೊಂದಾಗಿ ಸಾಯ್ತವೆ. ಕೆಲವರಲ್ಲಿ ಒತ್ತಡ ನಾರ್ಮಲ್ ಇದ್ದರೂ ಸಾಯ್ತವೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಾಗಲ್ಲ. ಮೊದಲು ಹೋಗೋದು ಪಕ್ಕದ ನೋಟ. ನಡುವಿನ ನೋಟ ಕೊನೇ ತನಕ ಉಳಿಯೋದರಿಂದ ಪೇಪರ್ ಓದಬಹುದು. ಒಂದು ಕಣ್ಣಲ್ಲಿ ಹೋಗಿದ್ದನ್ನು ಇನ್ನೊಂದು ಕಣ್ಣು ಮುಚ್ಚುತ್ತೆ, ಉಳಿದಿದ್ದನ್ನು ಮೆದುಳು ತುಂಬುತ್ತೆ. ಸತ್ತ ಎಳೆಯನ್ನು ಮತ್ತೆ ಜೋಡಿಸೋಕೆ ಇವತ್ತಿಗೂ ಚಿಕಿತ್ಸೆ ಇಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ತಾತನಿಗೆ ಡ್ರಾಪ್ಸ್ ಬರೆದುಕೊಟ್ಟು ಅಪ್ಪನ ಕಡೆ ತಿರುಗಿ, "ಇವರ ಮಕ್ಕಳು ಎಷ್ಟು ಜನ? ಎಲ್ರೂ ತೋರಿಸ್ಕೊಳ್ಳಿ" ಅಂದ್ರು. ಗ್ಲಾಕೋಮಾ ಮನೆತನದಲ್ಲಿ ಹರಿದು ಬರೋ ಸಾಧ್ಯತೆ ಇರುತ್ತೆ. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯಲ್ಲಿ ಯಾರಿಗಾದ್ರೂ ಇದ್ದರೆ ನಮಗೂ ಬರೋ ಅಪಾಯ ಬೇರೆಯವರಿಗಿಂತ ಜಾಸ್ತಿ.

ಅಪ್ಪ ಒಪ್ಪಲೇ ಇಲ್ಲ. "ಅಷ್ಟು ದೂರದಿಂದ ಬಸ್ಸಿನ ಬೋರ್ಡು ಓದ್ತೀನಿ, ನಂಗ್ಯಾಕೆ ಟೆಸ್ಟು?" ಅಂದ್ರು. ಅಮ್ಮ ಬಿಡಲಿಲ್ಲ. "ಮಾವ ಪೇಪರ್ ಓದ್ತಿರಲಿಲ್ವಾ?" ಅಂದ್ಲು. ಆ ಒಂದು ಮಾತಿಗೆ ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಸೆಮಿಸ್ಟರ್ ರಜೆಯಲ್ಲಿದ್ದ ನಾನೂ ಜೊತೆಗೆ ಹೋದೆ.

ಕನ್ನಡಕದ ಅಂಗಡಿಯ ಕಂಪ್ಯೂಟರ್ ಟೆಸ್ಟಿಗೂ ಪೂರ್ತಿ ಪರೀಕ್ಷೆಗೂ ಎಷ್ಟು ವ್ಯತ್ಯಾಸ ಅಂತ ಅವತ್ತು ಗೊತ್ತಾಯ್ತು. ಅಂಗಡಿಯ ಮೆಷಿನ್ನು ಹೇಳೋದು ನಂಬರ್ ಮಾತ್ರ. ಇಲ್ಲಿ ಅಕ್ಷರ ಓದಿಸಿದ ಮೇಲೆ ಕಣ್ಣಿನ ಒತ್ತಡ ನೋಡಿದ್ರು. ಸಾಮಾನ್ಯವಾಗಿ ಅದು 10ರಿಂದ 21 ಮಿಲಿಮೀಟರ್ ಪಾದರಸದ ಒಳಗೆ ಇರುತ್ತೆ. ಆಮೇಲೆ ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿ ಹಿಂದಿನ ಪರದೆ, ನರದ ತುದಿ ನೋಡಿದ್ರು. ಇನ್ನೊಂದು ದಿನ ಅಪ್ಪನಿಗೆ ನೋಟದ ವಿಸ್ತಾರ ಅಳೆಯೋ ಟೆಸ್ಟ್ ಮಾಡಿದ್ರು. ಬಟ್ಟಲಿನಂಥ ಮೆಷಿನ್ನಿಗೆ ಗಲ್ಲ ಇಟ್ಟು, ನಡುವಿನ ಬೆಳಕನ್ನೇ ನೋಡ್ತಾ, ಸುತ್ತ ಎಲ್ಲಾದ್ರೂ ಚುಕ್ಕೆ ಮಿನುಗಿದಾಗ ಗುಂಡಿ ಒತ್ತಬೇಕು. ರೋಗಿ ನಡುವೆಯೇ ನೋಡ್ತಿದ್ದಾನಾ ಅಂತ ಪರೀಕ್ಷಿಸೋಕೆ ಆ ಮೆಷಿನ್ನು ಆಗಾಗ ಕುರುಡು ಜಾಗಕ್ಕೇ ಚುಕ್ಕೆ ಹಾಕುತ್ತೆ. ಅದು ಕಂಡಿತು ಅಂದ್ರೆ ಕಣ್ಣು ಆಕಡೆ ಈಕಡೆ ಆಡಿದೆ ಅಂತ. ಅದನ್ನು ಕೇಳಿ ನನ್ನೊಳಗಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೆ ಖುಷಿಯಾಯ್ತು.

ರಿಪೋರ್ಟ್ ನೋಡಿ ಆ ಖುಷಿ ಉಳಿಯಲಿಲ್ಲ. ಅಪ್ಪನ ಎರಡೂ ಕಣ್ಣಲ್ಲಿ ಒತ್ತಡ ಜಾಸ್ತಿ ಇತ್ತು. ಎಡಗಣ್ಣಿನ ಮೇಲಿನ ಮೂಲೆಯಲ್ಲಿ ಒಂದಿಷ್ಟು ಜಾಗ ಆಗಲೇ ಹೋಗಿತ್ತು. ಅಪ್ಪ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡಿದ್ರು. "ಏನೂ ಗೊತ್ತಾಗ್ತಾನೇ ಇಲ್ವಲ್ಲೋ" ಅಂದ್ರು. ಹೋದದ್ದು ಬರಲ್ಲ, ಇರೋದನ್ನು ಉಳಿಸ್ಕೊಳ್ಳೋಣ ಅಂದ್ರು ಡಾಕ್ಟರು. ಈಗ ದಿನಾ ರಾತ್ರಿ ಡ್ರಾಪ್ಸ್, ಆಗಾಗ ಚೆಕಪ್. ಅಪ್ಪ ಸ್ಕೂಟರ್ ಓಡಿಸ್ತಾರೆ, ಲೆಕ್ಕ ಬರೀತಾರೆ, ನಾನು ತಡವಾಗಿ ಎದ್ರೆ ದೂರದಿಂದಲೇ ನೋಡಿ ಬೈತಾರೆ. ನನ್ನ ಕಣ್ಣಿನ ನರ ಸದ್ಯಕ್ಕೆ ಚೆನ್ನಾಗಿದೆ, ನಾನು ವರ್ಷಕ್ಕೊಮ್ಮೆ ಹೋಗಬೇಕು. ಚಿಕ್ಕಪ್ಪ ಮಾತ್ರ ಇನ್ನೂ ಹೋಗಿಲ್ಲ. ಫೋನ್ ಮಾಡಿದಾಗಲೆಲ್ಲ ಕೇಳ್ತೀನಿ, "ಕೊಬ್ಬರಿ ಕೆಲಸ ಮುಗೀಲಿ ಕಣೋ" ಅಂತಾರೆ. ನಾನೂ ಬಿಟ್ಟಿಲ್ಲ.

ಇದನ್ನೆಲ್ಲ ಹಾಸ್ಟೆಲ್ಲಲ್ಲಿ ಹೇಳಿದಾಗ ಬರೋ ಮೊದಲ ಪ್ರಶ್ನೆ, "ಹಂಗಾದ್ರೆ ಮೊಬೈಲ್ ನೋಡಿದ್ರೆ ಗ್ಲಾಕೋಮಾ ಬರುತ್ತಾ?" ಹಾಗೇನಿಲ್ಲ. ಸ್ಕ್ರೀನಿನಿಂದ ಆಗೋದು ಬೇರೆ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯೋದು ಕಮ್ಮಿ ಮಾಡ್ತೀವಿ, ಕಣ್ಣೀರಿನ ಪದರ ಒಣಗುತ್ತೆ. ಮುಖಕ್ಕೇ ಗಾಳಿ ಹೊಡೆಯೋ ಫ್ಯಾನು, ಎಸಿ ಲ್ಯಾಬು ಸೇರಿದ್ರೆ ಉರಿ, ತುರಿಕೆ ಗ್ಯಾರಂಟಿ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆ ಇರೋದನ್ನು 20 ಸೆಕೆಂಡ್ ನೋಡಿ ಅನ್ನೋದು ಇದಕ್ಕೇ. ಕಾರಿಡಾರಿನ ಆ ತುದಿ ನೋಡಿದ್ರೂ ಸಾಕು. ಬ್ಲೂ ಲೈಟ್ ಕನ್ನಡಕಕ್ಕೆ ದುಡ್ಡು ಸುರಿಯೋ ಮೊದಲು ಯೋಚಿಸಿ. 2023ರ ಕಾಕ್ರೇನ್ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಅವುಗಳಿಂದ ಕಣ್ಣಿನ ಆಯಾಸ ಕಮ್ಮಿ ಆಗೋದು ಅನುಮಾನ ಅಂದಿದೆ.

ನಮ್ಮ ವಯಸ್ಸಿಗೆ ಗ್ಲಾಕೋಮಾ ತಂದುಕೊಳ್ಳೋ ಒಂದು ದಾರಿ ಇದೆ, ಅದು ಮೆಡಿಕಲ್ ಶಾಪು. ಕಣ್ಣು ಕೆಂಪಾದಾಗ, ತುರಿಸಿದಾಗ ಚೀಟಿ ಇಲ್ಲದೆ ಯಾವುದೋ ಡ್ರಾಪ್ಸ್ ತಂದು ಹಾಕ್ತೀವಿ. ಒಂದೇ ದಿನಕ್ಕೆ ಆರಾಮ ಆಗುತ್ತೆ. ಅದರಲ್ಲಿ ಸ್ಟೆರಾಯ್ಡ್ ಇದ್ದು, ವಾರಗಟ್ಟಲೆ ಹಾಕ್ತಾ ಹೋದ್ರೆ ಕೆಲವರಲ್ಲಿ ಕಣ್ಣಿನ ಒತ್ತಡ ಏರಿ ನರ ಹಾಳಾಗುತ್ತೆ. ರೂಮ್‌ಮೇಟ್ ಹಾಕಿ ಉಳಿಸಿದ ಬಾಟಲಿಯೂ ಬೇಡ.

ಮೈನಸ್ ನಂಬರ್ ಜಾಸ್ತಿ ಇರೋರು ಇನ್ನೊಂದು ವಿಷಯ ನೆನಪಿಡಿ. ನಿಮ್ಮ ಕಣ್ಣುಗುಡ್ಡೆ ಉದ್ದ ಬೆಳೆದಿರುತ್ತೆ, ಹಿಂದಿನ ಪರದೆ ಎಳೆದುಕೊಂಡು ತೆಳ್ಳಗಾಗಿರುತ್ತೆ. ಇದ್ದಕ್ಕಿದ್ದ ಹಾಗೆ ಮಿಂಚು ಹೊಡೆದಂತಾದ್ರೆ, ಕಪ್ಪು ಚುಕ್ಕೆಗಳು ತೇಲಿ ಬಂದ್ರೆ, ಪರದೆ ಇಳಿದ ಹಾಗೆ ಒಂದು ಕಡೆ ಮುಚ್ಚಿಕೊಂಡ್ರೆ, ಇಂಟರ್ನಲ್ಸ್ ಇದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಯಾವುದೇ ಸೆನ್ಸರ್ ಸರಿ ಇದೆಯಾ ಅಂತ ಅದರದೇ ರೀಡಿಂಗ್ ನೋಡಿ ತೀರ್ಮಾನ ಮಾಡಲ್ಲ, ಇನ್ನೊಂದು ಉಪಕರಣದಿಂದ ಅಳೀತೀವಿ. ಕಣ್ಣಿಗೂ ಅಷ್ಟೇ. ಈ ಸಲ ಊರಿಗೆ ಹೋದಾಗ ಮನೇಲಿ ಯಾರಿಗಾದ್ರೂ ಗ್ಲಾಕೋಮಾ ಇತ್ತಾ, ವಯಸ್ಸಾದ ಕಾಲಕ್ಕೆ ಯಾರಿಗಾದ್ರೂ ಕಣ್ಣು ಕಾಣದೆ ಹೋಯ್ತಾ ಅಂತ ಕೇಳಿ. ಇತ್ತು ಅಂದ್ರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ, ಒತ್ತಡ ಮತ್ತು ನರ ಎರಡೂ ನೋಡಿ ಅನ್ನಿ. 40 ದಾಟಿದ ಅಪ್ಪ ಅಮ್ಮನನ್ನೂ ಕರ್ಕೊಂಡು ಹೋಗಿ. ಶುಗರ್ ಇದ್ದರಂತೂ ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸಲೇಬೇಕು. ಖಾಸಗಿ ಆಸ್ಪತ್ರೆ ಆಗಲ್ಲ ಅಂದ್ರೆ ಬೆಂಗಳೂರಲ್ಲಿ 1896ರಲ್ಲಿ ಶುರುವಾದ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ. ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಬಿಸಿಲು ಕುಕ್ಕುತ್ತೆ, ಮೊಬೈಲಿನ ಅಕ್ಷರ ಮಂಜಾಗುತ್ತೆ. ಅದಕ್ಕೆ ಬೈಕ್ ತಗೊಂಡು ಹೋಗಬೇಡಿ, ಬಸ್ಸಲ್ಲಿ ಹೋಗಿ ಬನ್ನಿ.