ಕೂತರೆ ಸಾಕೇ?

ನಮ್ಮ ಮರ್ಕಂಜದ ಕಡೆ ಬೆಡಿ ಅಂದರೆ ಶಿಕಾರಿಗಿಂತ ಮೊದಲು ನೆನಪಾಗುವುದು ತೋಟ. ಹಳದಿ ಎಲೆ ರೋಗದಿಂದ ಉಳಿದುಕೊಂಡ ಅಡಕೆ, ನಡುವೆ ಬಾಳೆ, ತೆಂಗು. ಹಗಲು ಮಂಗ, ರಾತ್ರಿ ಹಂದಿ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಹಲವು ಮನೆಗಳಲ್ಲಿ ಉಂಟು. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ, ಗರ್ನಾಲು ಹೊಡೆದು ರಾತ್ರಿ ಕಳೆಯುವುದೂ ಊರಿಗೆ ಹೊಸತಲ್ಲ.

ಕಳೆದ ರಜೆಯಲ್ಲಿ ಮಾವ ಕೇಳಿದರು: "ಒಂದು ಕೇಪಿನ ಜಾಗದಲ್ಲಿ ಇನ್ನೊಂದು ಕೂತರೆ ಹಾಕ್ಲಿಕ್ಕೆ ಎಂತ ತೊಂದರೆ ಮಾರಾಯ? ನೀನು ಪಿಎಚ್‌ಡಿ ಮಾಡುವವ, ಓದಿ ಹೇಳು."

ನನ್ನ ಸಂಶೋಧನೆ ಭಾಷಾಂತರದ ಬಗ್ಗೆ, ಮದ್ದುಗುಂಡಿನ ಬಗ್ಗೆ ಅಲ್ಲ. ಆದರೂ ಓದಿದೆ.

ಕೇಪಿನ ಕತೆ ಹಕ್ಕಿಗಳಿಂದ ಶುರುವಾಗುತ್ತದೆ. ಹಳೆಯ ಕೋವಿಗಳಲ್ಲಿ ಚಕಮಕಿ ಕಲ್ಲಿನ ಕಿಡಿ ಮೊದಲು ಹೊರಗೆ ಹೊತ್ತಿ, ಆಮೇಲೆ ಈಡು ಹಾರುತ್ತಿತ್ತು. ಆ ಬೆಳಕಿಗೆ ಹಕ್ಕಿ ಎಚ್ಚೆತ್ತು ತಪ್ಪಿಸಿಕೊಳ್ಳುತ್ತಿತ್ತು. ಇದರಿಂದ ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ತಾಮ್ರದ ಕೇಪಾಯಿತು. ಇನ್ನೂ ಮುಂದೆ ತೋಟೆಯ ಬುಡದೊಳಗೆ ಸೇರಿ ಪ್ರೈಮರ್ ಆಯಿತು.

ಮಾವನ ಪ್ರಶ್ನೆಯನ್ನೇ ಅಮೆರಿಕದಲ್ಲಿ ಖಾಲಿ ತೋಟೆಗೆ ಮತ್ತೆ ಮದ್ದು ತುಂಬುವವರೂ ಕೇಳಿಕೊಳ್ಳುತ್ತಾರೆ. ಪಿಸ್ತೂಲಿನ ಪ್ರೈಮರ್ ಸಿಗದಿದ್ದಾಗ ರೈಫಲಿನದ್ದು ಹಾಕಬಹುದೇ ಎಂದು. ಎರಡರಲ್ಲೂ ಸಣ್ಣ ಮತ್ತು ದೊಡ್ಡ ಎಂಬ ಅಳತೆಗಳಿವೆ. ಸಣ್ಣದರ ಅಡ್ಡಗಲ ಎರಡಕ್ಕೂ ಒಂದೇ, ಸುಮಾರು 4.45 ಮಿಲಿಮೀಟರ್. ಆದ್ದರಿಂದ ಕೂರುವುದೇನೋ ಕೂರುತ್ತದೆ. ಆದರೆ ರೈಫಲಿನ ಒತ್ತಡ ತಾಳಬೇಕಾದ್ದರಿಂದ ಅದರ ಪ್ರೈಮರಿನ ಲೋಹ ಸಾಮಾನ್ಯವಾಗಿ ಗಟ್ಟಿ. ಪಿಸ್ತೂಲಿನ ಹಗುರ ಪೆಟ್ಟಿಗೆ ಅದು ಸಿಡಿಯದೆ ಉಳಿಯಬಹುದು. ಸಿಡಿದರೆ ಬೆಂಕಿಯ ಜೋರು ಹೆಚ್ಚಿ ಒತ್ತಡ ಏರಬಹುದು. ತಿರುಗಿಸಿ ಹಾಕಿದರೆ ಇನ್ನೂ ಕೆಟ್ಟದು: ತೆಳು ಲೋಹ ರೈಫಲಿನ ಒತ್ತಡಕ್ಕೆ ತೂತಾಗಿ, ಬಿಸಿ ಅನಿಲ ಹಿಂದಕ್ಕೆ, ಗುರಿ ಹಿಡಿದವನ ಮುಖದ ಕಡೆಗೇ ನುಗ್ಗೀತು. ದೊಡ್ಡ ಅಳತೆಯಲ್ಲಂತೂ ರೈಫಲಿನದ್ದೇ ತುಸು ಎತ್ತರ. ಪಿಸ್ತೂಲಿನ ತೋಟೆಯಲ್ಲಿ ಸರಿಯಾಗಿ ಕೂರುವುದೂ ಇಲ್ಲ.

ಹೊಡೆದ ಈಡು ಹಾರದಿದ್ದರೆ ಅದು ಸತ್ತಿದೆ ಎಂದುಕೊಳ್ಳುವ ಹಾಗೂ ಇಲ್ಲ. ಕ್ಷಣ ತಡೆದು ಸಿಡಿಯುವುದುಂಟು. ಅದಕ್ಕೇ ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಕಾಯಬೇಕು, ಇಣುಕಬಾರದು.

ಭಾಷಾಂತರ ಮಾಡುವವರಿಗೆ ಈ ಮಾತು ಹೊಸತಲ್ಲ. ವಾಕ್ಯದ ಒಂದೇ ಜಾಗದಲ್ಲಿ ಬೆಡಿ, ಕೋವಿ, ಬಂದೂಕು ಮೂರೂ ಕೂರುತ್ತವೆ. ಆದರೆ ಬೆಡಿ ಅಂದ ಕೂಡಲೇ ನಮ್ಮ ಚಾವಡಿ ಕಾಣುತ್ತದೆ, ಬಂದೂಕು ಅಂದರೆ ಠಾಣೆ. ಅಲ್ಲಿ ತಪ್ಪಿದರೆ ಕೆಡುವುದು ಒಂದು ಸಾಲು. ಮಾವ ಕೋವಿಗೆ ಕೆನ್ನೆ ಆನಿಸಿ ಗುರಿ ಹಿಡಿಯುವವರು, ಇಲ್ಲಿ ತಪ್ಪಿದರೆ ಹೋಗುವುದು ಅವರ ಕಣ್ಣು.

ಓದಿದ್ದನ್ನೆಲ್ಲ ಮಾವನಿಗೆ ಹೇಳಿದೆ. ಆ ಕೋವಿಗೆಂದೇ ಮಾಡಿದ ಕೇಪನ್ನಷ್ಟೇ ಹಾಕಬೇಕು, ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ ಎಂದೂ ಹೇಳಿದೆ. ಅವರು ಎಲ್ಲ ಕೇಳಿ, "ಸರಿ, ಹಾಕುದಿಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಕೇಪು ಸಿಕ್ಕುವವರೆಗೆ ಕಾಯಿ ಅಂತ ಹಂದಿಗೆ ಹೇಳುವುದು ಯಾರು?" ಎಂದರು.

ಬದಲಿ ಹುಡುಕುವವರೆಲ್ಲ ತಿಳಿಯದವರಲ್ಲ. ಬೇಕಾದ್ದು ಬೇಕಾದಾಗ ಸಿಗದವರು. ಮಾವ ಆ ರಾತ್ರಿ ಟಾರ್ಚು, ಗರ್ನಾಲು ಹಿಡಿದು ತೋಟಕ್ಕೆ ಇಳಿದರು. ನಾನೂ ಹಿಂದೆ ಹೋದೆ.